ಮಗಳು ನರ್ಸ್ ಆಗಿ ಆಸ್ಟ್ರೇಲಿಯಾಕ್ಕೆ ಹೊರಟರೆ...

ನರ್ಸಿಂಗ್ ಮುಗಿಸಿದ ಮಗಳು ಒಂದು ಸಂಜೆ ಚಹಾ ಕುಡಿಯುತ್ತಾ ‘ಅವ್ವಾ, ನಾ ಆಸ್ಟ್ರೇಲಿಯಾಕ್ಕ ಹೋಗ್ತೀನಿ’ ಅಂದುಬಿಟ್ಟರೆ ನಿಮಗೆ ಹೇಗಾಗುತ್ತದೆ? ಒಂದು ಕಣ್ಣಲ್ಲಿ ಹೆಮ್ಮೆ, ಇನ್ನೊಂದು ಕಣ್ಣಲ್ಲಿ ಭಯ. ಅಷ್ಟು ದೂರ ಒಬ್ಬಳೇ ಹೆಂಗ್ ಇರ್ತಾಳೆ? ಖರ್ಚು ಎಷ್ಟು? ಏಜೆಂಟ್ ಮೋಸ ಮಾಡಿದರೆ? ಮದುವೆ ಗತಿ ಏನು? ಪ್ರಶ್ನೆಗಳು ಒಂದಾ ಎರಡಾ!

ಮೊದಲೆಲ್ಲ ನರ್ಸ್ ಅಂದರೆ ಕೇರಳದವರು, ಫಾರಿನ್ ನರ್ಸ್ ಅಂದರೂ ಕೇರಳದವರೇ ಎಂಬ ಮಾತಿತ್ತು. ಈಗ ಹಾಗಿಲ್ಲ. ಕೇರಳದ ಹುಡುಗಿಯರು ಓದಲು ಬರುತ್ತಿದ್ದುದೇ ನಮ್ಮ ಬೆಂಗಳೂರು, ಮಂಗಳೂರು, ದಾವಣಗೆರೆ, ಹುಬ್ಬಳ್ಳಿಯ ಕಾಲೇಜುಗಳಿಗೆ. ಅವರ ಪಕ್ಕದ ಬೆಂಚಿನಲ್ಲಿ ಕೂತು ಓದಿದ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಹುಡುಗಿಯರಿಗೂ ‘ಅವರು ಹೋದರೆ ನಾವ್ಯಾಕೆ ಹೋಗಬಾರದು?’ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ? ಹಲಗೇರಿಯಂಥ ಊರಿನಲ್ಲಿ ಗೋವಿನಜೋಳ, ಹತ್ತಿಯ ಲೆಕ್ಕದಲ್ಲೇ ಬೆಳೆದ ಮನೆಗಳಲ್ಲೂ ಈಗ ಐಇಎಲ್‌ಟಿಎಸ್, ಒಇಟಿ ಎಂಬ ಪದಗಳು ಕೇಳಿಬರುತ್ತಿವೆ. ನೀವು ಪೇಟೆಯಲ್ಲಿದ್ದರೆ ಊರಿನ ಅಣ್ಣನೋ ತಮ್ಮನೋ ಮಗಳ ವಿಷಯಕ್ಕೆ ಮೊದಲು ಫೋನ್ ಮಾಡುವುದು ನಿಮಗೇ. ‘ನಿಂಗ್ ಗೊತ್ತಿರ್ತೈತಲ್ಲ, ಸ್ವಲ್ಪ ಕೇಳಿ ಹೇಳು’ ಅಂತ. ಹಾಗಾಗಿ ವಿಷಯ ತಿಳಿದುಕೊಂಡಿರುವುದು ಒಳ್ಳೆಯದು.

ಬ್ರಿಟನ್‌ನವರು ಅತ್ತ, ನಮ್ಮವರು ಇತ್ತ

ಒಂದು ತಮಾಷೆ ಗೊತ್ತೇ? ನಮ್ಮ ಹುಡುಗಿಯರು ಬ್ರಿಟನ್‌ಗೆ ಹೋಗಬೇಕೆಂದು ಹಂಬಲಿಸುತ್ತಿದ್ದರೆ, ಬ್ರಿಟನ್‌ನ ನರ್ಸ್‌ಗಳು ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದು ಹಂಬಲಿಸುತ್ತಾರೆ. ಒಳ್ಳೆಯ ಸಂಬಳ, ಬಿಸಿಲು, ಸಮುದ್ರ ದಂಡೆ, ಭಾಷೆಯ ತೊಡಕಿಲ್ಲ. ಇನ್ನೇನು ಬೇಕು?

ಇದು ಹೊಸದೂ ಅಲ್ಲ. 1868ರ ಮಾರ್ಚ್‌ನಲ್ಲಿ ಲೂಸಿ ಆಸ್ಬರ್ನ್ ಎಂಬಾಕೆ ಐವರು ನರ್ಸ್‌ಗಳೊಂದಿಗೆ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದರು. ಅವರನ್ನು ಕಳಿಸಿದ್ದು ಫ್ಲಾರೆನ್ಸ್ ನೈಟಿಂಗೇಲ್. ಸಿಡ್ನಿಯ ಆಸ್ಪತ್ರೆಯಲ್ಲಿ ತರಬೇತಿ ಪಡೆದ ನರ್ಸ್‌ಗಳ ಕೆಲಸ ಶುರುವಾದದ್ದೇ ಅವರಿಂದ. ಅಂದಿನಿಂದ ಆ ದಾರಿ ಸವೆಯುತ್ತಲೇ ಇದೆ.

ಹಾಗೆ ಹೋದವರ ಜಾಗ ಬ್ರಿಟನ್‌ನಲ್ಲಿ ಖಾಲಿ ಉಳಿಯುತ್ತದೆ. 2016ರ ಬ್ರೆಕ್ಸಿಟ್ ಮತದಾನದ ನಂತರ ಯುರೋಪಿನ ನರ್ಸ್‌ಗಳು ಅಲ್ಲಿಗೆ ಬರುವುದೂ ಕಡಿಮೆಯಾಯಿತು. ಆ ಖಾಲಿ ಜಾಗಗಳನ್ನು ಬಹುಪಾಲು ತುಂಬಿದವರು ಭಾರತ, ಫಿಲಿಪೀನ್ಸ್‌ಗಳ ನರ್ಸ್‌ಗಳು. ಅಂದರೆ ಇದೊಂದು ಸರಪಳಿ. ಬ್ರಿಟನ್‌ನ ನರ್ಸ್ ಸಿಡ್ನಿಗೆ, ನಮ್ಮ ನರ್ಸ್ ಬ್ರಿಟನ್‌ಗೆ. ಈಗ ಆ ಸರಪಳಿಗೆ ಇನ್ನೊಂದು ಕೊಂಡಿ ಸೇರಿದೆ. ಬ್ರಿಟನ್‌ನಲ್ಲಿ ನೋಂದಣಿಯಾದ ನಮ್ಮ ನರ್ಸ್‌ಗಳೂ ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೊರಡುತ್ತಿದ್ದಾರೆ. ಹೇಗೆ ಅಂತೀರಾ? ಮುಂದೆ ಓದಿ.

ಯಾವ ಓದಿಗೆ ಯಾವ ದಾರಿ?

ನಮ್ಮಲ್ಲಿ ಎರಡು ಮುಖ್ಯ ಕೋರ್ಸ್‌ಗಳು. ಒಂದು ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ. ಇನ್ನೊಂದು ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಕರ್ನಾಟಕದಲ್ಲಿ ಬಿಎಸ್ಸಿ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಕೆಲವು ಕಡೆ ಡೀಮ್ಡ್ ವಿಶ್ವವಿದ್ಯಾಲಯಗಳು. ಓದು ಮುಗಿದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. ಈ ನೋಂದಣಿ ಇಲ್ಲದೆ ಯಾವ ದೇಶದ ಬಾಗಿಲೂ ತೆರೆಯುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ನರ್ಸ್‌ಗಳ ನೋಂದಣಿ ನೋಡಿಕೊಳ್ಳುವುದು ‘ಆಪ್ರಾ’ ಎಂಬ ಸಂಸ್ಥೆ. 2010ರಿಂದ ಇಡೀ ದೇಶಕ್ಕೆ ಇದೊಂದೇ. ಆಪ್ರಾದ ವೆಬ್‌ಸೈಟಿನಲ್ಲಿ ‘ಸೆಲ್ಫ್ ಚೆಕ್’ ಎಂಬ ಉಚಿತ ಸೌಲಭ್ಯವಿದೆ. ಮಗಳು ಅಲ್ಲಿ ತನ್ನ ಓದಿನ ವಿವರ ತುಂಬಿದರೆ ಆಕೆ ಯಾವ ಗುಂಪಿಗೆ ಬರುತ್ತಾಳೆ ಎಂದು ತಿಳಿಯುತ್ತದೆ. ಯಾರಿಗೂ ಒಂದು ರೂಪಾಯಿ ಕೊಡುವ ಮುಂಚೆ ಈ ಕೆಲಸ ಮಾಡಿಸಿ. ಅರ್ಧ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಅಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಪದವಿ ಮಟ್ಟದ ಓದು ಕೇಳುತ್ತಾರೆ. ಆದ್ದರಿಂದ ಬಿಎಸ್ಸಿ ಮಾಡಿದವರಿಗೆ ದಾರಿ ಸಲೀಸು. ಬರೀ ಜಿಎನ್‌ಎಂ ಆಗಿದ್ದರೆ ನಮ್ಮಲ್ಲೇ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುವುದು ಬುದ್ಧಿವಂತಿಕೆ. ‘ಜಿಎನ್‌ಎಂ ಸಾಕು ಮೇಡಂ, ನಾವು ಅಡ್ಜಸ್ಟ್ ಮಾಡಿಸ್ತೀವಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬಿಎಸ್ಸಿ ಆದವರು ನೇರವಾಗಿ ಭಾರತದಿಂದ ಹೋಗುವುದಾದರೆ ಎರಡು ಪರೀಕ್ಷೆ ಗೆಲ್ಲಬೇಕು. 2020ಕ್ಕಿಂತ ಮುಂಚೆ ಆಸ್ಟ್ರೇಲಿಯಾಕ್ಕೆ ಹೋಗಿ ಕೆಲವು ತಿಂಗಳ ಬ್ರಿಡ್ಜಿಂಗ್ ಕೋರ್ಸ್ ಮಾಡಬೇಕಿತ್ತು. ಆಗ ಹೋಗಿ ಬಂದ ಪರಿಚಯದವರು ಈಗಲೂ ಅದನ್ನೇ ಹೇಳಬಹುದು. ಅದು ಹಳೇ ಕಥೆ. ಈಗ ಇರುವುದು ಇದು:

* ಮೊದಲನೆಯದು ಎನ್‌ಕ್ಲೆಕ್ಸ್. ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ಐದು ಗಂಟೆ ಕಾಲ, 85ರಿಂದ 150 ಪ್ರಶ್ನೆ. ಇದನ್ನು ನಮ್ಮ ಬೆಂಗಳೂರಿನಲ್ಲೇ ಬರೆಯಬಹುದು.

* ಎರಡನೆಯದು ಆಸ್ಕಿ. ಇದು ಬರೆಯುವ ಪರೀಕ್ಷೆಯಲ್ಲ, ಮಾಡಿ ತೋರಿಸುವ ಪರೀಕ್ಷೆ. ಇದಕ್ಕೆ ಆಸ್ಟ್ರೇಲಿಯಾಕ್ಕೇ ಹೋಗಬೇಕು. ರೋಗಿಯನ್ನು ಮಾತಾಡಿಸುವುದು, ಕೈ ತೊಳೆಯುವ ಕ್ರಮ, ಔಷಧಿ ಕೊಡುವ ರೀತಿ, ಎದೆ ಒತ್ತಿ ಉಸಿರು ಮರಳಿಸುವುದು... ಹೀಗೆ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ.

ಬ್ರಿಟನ್ ಮೂಲಕ ಸುತ್ತು ದಾರಿ

2025ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಒಂದು ಹೊಸ ಬಾಗಿಲು ತೆರೆಯಿತು. ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಪುರ, ಸ್ಪೇನ್, ಕೆನಡಾದ ಎರಡು ಪ್ರಾಂತ್ಯಗಳು. ಇಂಥ ಕಡೆ ನೋಂದಣಿ ಪಡೆದು, 2017ರ ನಂತರ ಕನಿಷ್ಠ 1,800 ಗಂಟೆ ಕೆಲಸ ಮಾಡಿದ ನರ್ಸ್‌ಗಳಿಗೆ ಮೇಲಿನ ಎರಡು ಪರೀಕ್ಷೆಗಳ ತಾಪತ್ರಯವಿಲ್ಲ. ಓದಿದ್ದು ಬೇರೆ ದೇಶದಲ್ಲಾದರೂ, ಈ ದೇಶಗಳ ಪರೀಕ್ಷೆ ಗೆದ್ದು ಅಲ್ಲಿ ನೋಂದಣಿ ಪಡೆದವರಿಗೂ ಇದು ಅನ್ವಯಿಸುತ್ತದೆ. ನಮ್ಮವರಿಗೆ ಉಪಯೋಗವಾಗಿರುವುದು ಇದೇ ಅಂಶ.

ಲೆಕ್ಕ ಹಾಕಿ. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ 37.5 ಗಂಟೆ ಕೆಲಸ. 1,800 ಗಂಟೆ ಅಂದರೆ 48 ವಾರ. ರಜೆ ಸೇರಿಸಿದರೆ ಹೆಚ್ಚುಕಡಿಮೆ ಒಂದು ವರ್ಷ. ಅದಕ್ಕೇ ಅನೇಕರು ಮೊದಲು ಬ್ರಿಟನ್, ಆಮೇಲೆ ಆಸ್ಟ್ರೇಲಿಯಾ ಎಂದು ಪ್ಲಾನ್ ಮಾಡುತ್ತಿದ್ದಾರೆ.

ಬ್ರಿಟನ್‌ನಲ್ಲಿ ನೋಂದಣಿ ಕೊಡುವುದು ಎನ್‌ಎಂಸಿ. ಅಲ್ಲಿಯೂ ಎರಡು ಪರೀಕ್ಷೆ. ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಆಸ್ಕಿ ಮಾತ್ರ ಬ್ರಿಟನ್‌ಗೆ ಹೋದ ಮೇಲೆ.

ಆದರೆ ಒಂದು ಮಾತು ಕಿವಿಗೆ ಹಾಕಿಕೊಳ್ಳಿ. 2022, 2023ರಲ್ಲಿ ಇದ್ದಂಥ ಭರಾಟೆ ಈಗ ಬ್ರಿಟನ್‌ನಲ್ಲಿ ಇಲ್ಲ. ಆಸ್ಪತ್ರೆಗಳ ದುಡ್ಡಿನ ಬಿಗಿಯಿಂದ ಹೊರದೇಶದ ನೇಮಕಾತಿ 2024ರಿಂದ ಬಹಳ ಕುಗ್ಗಿದೆ. ‘ನಮ್ಮ ಪಕ್ಕದ ಮನೆಯವಳು ಆರು ತಿಂಗಳಲ್ಲಿ ಹೋದಳು’ ಎಂಬ ಮೂರು ವರ್ಷ ಹಿಂದಿನ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ. ಆಫರ್ ಲೆಟರ್ ಕೈಗೆ ಬರದೆ ಇಲ್ಲಿನ ಕೆಲಸ ಬಿಡುವುದು ಖಂಡಿತ ಬೇಡ.

ಇಂಗ್ಲಿಷ್ ಎಂಬ ಮೆಣಸಿನಕಾಯಿ

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗಿಯರಿಗೆ ನಿಜವಾದ ಅಗ್ನಿಪರೀಕ್ಷೆ ನರ್ಸಿಂಗ್ ಅಲ್ಲ, ಇಂಗ್ಲಿಷ್. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ನಾಲ್ಕರಲ್ಲೂ ಅಂಕ ಬೇಕು. ಐಇಎಲ್‌ಟಿಎಸ್‌ನಲ್ಲಾದರೆ ಬರೆಯುವುದರಲ್ಲಿ 6.5, ಉಳಿದ ಮೂರರಲ್ಲಿ ತಲಾ 7. ಮೊದಲು ಆಸ್ಟ್ರೇಲಿಯಾ ಬರವಣಿಗೆಯಲ್ಲೂ 7 ಕೇಳುತ್ತಿತ್ತು. 2025ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ಬ್ರಿಟನ್‌ನಂತೆ ಮಾಡಿದೆ. ಅರ್ಧ ಅಂಕಕ್ಕಾಗಿ ಮೂರು ಮೂರು ಸಲ ಪರೀಕ್ಷೆ ಕಟ್ಟಿದವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಅವರನ್ನೇ ಕೇಳಿ!

ಒಇಟಿ ಎಂಬ ಇನ್ನೊಂದು ಪರೀಕ್ಷೆಯೂ ನಡೆಯುತ್ತದೆ. ಅದರಲ್ಲಿ ಬರುವ ವಿಷಯಗಳೆಲ್ಲ ಆಸ್ಪತ್ರೆಗೆ ಸಂಬಂಧಪಟ್ಟವೇ. ರೋಗಿಯ ಡಿಸ್ಚಾರ್ಜ್ ಪತ್ರ ಬರೆಯುವುದು, ರೋಗಿಯ ಮನೆಯವರಿಗೆ ಧೈರ್ಯ ಹೇಳುವುದು ಇತ್ಯಾದಿ. ಶುಲ್ಕ ಹೆಚ್ಚು, ಆದರೆ ವಾರ್ಡಿನಲ್ಲಿ ದುಡಿದವರಿಗೆ ಇದೇ ಹತ್ತಿರ ಅನ್ನಿಸುತ್ತದೆ.

ಇಲ್ಲಿ ನಿಮ್ಮದೂ ಒಂದು ಪಾತ್ರವಿದೆ. ನಿಮಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ. ಊಟದ ನಂತರ ಅರ್ಧ ಗಂಟೆ ನೀವು ‘ರೋಗಿ’ಯಾಗಿ. ಮಂಚದ ಮೇಲೆ ಮಲಗಿ, ಎದೆ ನೋವು ಅನ್ನಿ. ಮಗಳು ತನ್ನ ಪರಿಚಯ ಹೇಳಿ, ನಿಮ್ಮ ಹೆಸರು ಕೇಳಿ, ಅನುಮತಿ ಪಡೆದು, ನಾಡಿ ಹಿಡಿದು, ಪ್ರತಿ ಹೆಜ್ಜೆಯನ್ನೂ ಇಂಗ್ಲಿಷಿನಲ್ಲಿ ಹೇಳುತ್ತಾ ಮಾಡಲಿ. ನಗು ಬರುತ್ತದೆ, ಬರಲಿ. ಆಸ್ಕಿಯಲ್ಲಿ ಅನೇಕರು ಸೋಲುವುದು ಕೆಲಸ ಗೊತ್ತಿಲ್ಲದೆ ಅಲ್ಲ, ಮಾಡುವಾಗ ಬಾಯಿ ಬಿಟ್ಟು ಹೇಳದೆ. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್ ನಲವತ್ತು ರೋಗಿಗಳ ಹಿಂದೆ ಓಡುವಾಗ ಮಾತಿಗೆ ಪುರುಸೊತ್ತು ಎಲ್ಲಿರುತ್ತದೆ? ಆ ಅಭ್ಯಾಸ ಮನೆಯಲ್ಲೇ ಆಗಬೇಕು.

ದುಡ್ಡಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ನೇರವಾಗಿ ಆಸ್ಟ್ರೇಲಿಯಾದ ದಾರಿ ಹಿಡಿದರೆ ಎನ್‌ಕ್ಲೆಕ್ಸ್‌ಗೆ 350 ಡಾಲರ್, ಅಂದರೆ ಸುಮಾರು ಮೂವತ್ತು ಸಾವಿರ ರೂಪಾಯಿ. ಆಸ್ಕಿಗೆ 4,000 ಆಸ್ಟ್ರೇಲಿಯನ್ ಡಾಲರ್. ನಮ್ಮ ದುಡ್ಡಿನಲ್ಲಿ ಎರಡು ಲಕ್ಷ ದಾಟುತ್ತದೆ. ಇಂಗ್ಲಿಷ್ ಪರೀಕ್ಷೆ, ಅರ್ಜಿ ಶುಲ್ಕ, ವೀಸಾ, ವಿಮಾನ, ಅಲ್ಲಿ ಉಳಿಯುವ ಖರ್ಚು ಬೇರೆ. ಬ್ರಿಟನ್‌ನಲ್ಲಿ ಆಸ್ಕಿಗೆ 794 ಪೌಂಡ್. ಎಷ್ಟೋ ಸರ್ಕಾರಿ ಆಸ್ಪತ್ರೆಗಳು ಮೊದಲ ಸಲದ ಈ ಶುಲ್ಕವನ್ನೂ ವಿಮಾನದ ಟಿಕೆಟನ್ನೂ ತಾವೇ ಕೊಟ್ಟು ಕರೆಸಿಕೊಂಡದ್ದುಂಟು. ಕೆಲವು ಕಡೆ ನಿಗದಿತ ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಆ ಹಣ ವಾಪಸ್ ಕೊಡಬೇಕೆಂಬ ಷರತ್ತೂ ಇರುತ್ತದೆ. ಒಪ್ಪಂದದಲ್ಲಿ ಆ ಪುಟವನ್ನು ಎರಡು ಸಲ ಓದಿಸಿ. ವರ್ಷ ತುಂಬುತ್ತಲೇ ಆಸ್ಟ್ರೇಲಿಯಾಕ್ಕೆ ಹೊರಡುವ ಆಲೋಚನೆ ಇದ್ದವರಿಗಂತೂ ಇದು ಬಹಳ ಮುಖ್ಯ.

ಇನ್ನು ಸಂಬಳ. 2025-26ನೇ ಸಾಲಿಗೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ನೋಂದಣಿಯಾದ ನರ್ಸ್‌ಗೆ ವರ್ಷಕ್ಕೆ 31,049 ಪೌಂಡ್. ಅಂದರೆ ತಿಂಗಳಿಗೆ ಸುಮಾರು 2,587. ನಾವೆಲ್ಲ ತಕ್ಷಣ ಮಾಡುವ ಕೆಲಸ ಏನು? ಅದನ್ನು ರೂಪಾಯಿಗೆ ಗುಣಿಸಿ ‘ಅಬ್ಬಾ, ಮೂರು ಲಕ್ಷ!’ ಅನ್ನುವುದು. ಗುಣಿಸಿ, ಬೇಡ ಅನ್ನಲ್ಲ. ಆದರೆ ಕಳೆಯುವುದನ್ನೂ ಕಲಿಯಿರಿ. ತೆರಿಗೆ, ಪಿಂಚಣಿ ಕಡಿತ, ಮನೆ ಬಾಡಿಗೆ, ಬಸ್ಸು, ಚಳಿಗಾಲದ ಹೀಟರ್ ಬಿಲ್ಲು. ಮೊದಲ ಆರು ತಿಂಗಳಲ್ಲಿ ಮಗಳು ಮನೆಗೆ ದುಡ್ಡು ಕಳಿಸಲಿಲ್ಲವೆಂದರೆ ಬೇಸರ ಪಡಬೇಡಿ. ಅವಳು ಅಲ್ಲಿ ಒಂದು ಪಾತ್ರೆಯಿಂದ ಹಿಡಿದು ಸಂಸಾರ ಹೂಡುತ್ತಿರುತ್ತಾಳೆ.

ಮೋಸ ಹೋಗದಿರಲು

ಕಾನೂನು ಏನು ಹೇಳುತ್ತದೆ ಗೊತ್ತೇ? ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಆತ ಕೆಲಸಕ್ಕೆ ಹೋಗುವವರಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಟ್ಟು 35,400. ಅಷ್ಟೇ! ಬ್ರಿಟನ್‌ನ ನಿಯಮವಂತೂ ಇನ್ನೂ ಕಟ್ಟುನಿಟ್ಟು. ಅಲ್ಲಿನ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಒದಗಿಸುವ ಏಜೆನ್ಸಿ ನರ್ಸ್‌ನಿಂದ ನೇಮಕಾತಿಗೆ ದುಡ್ಡು ಪಡೆಯುವಂತೆಯೇ ಇಲ್ಲ. ಆಸ್ಪತ್ರೆಯೇ ಕೊಡುತ್ತದೆ.

ಹಾಗಾದರೆ ಊರುಗಳಲ್ಲಿ ಕೇಳಿಬರುವ ಹತ್ತು ಲಕ್ಷ, ಇಪ್ಪತ್ತು ಲಕ್ಷ ಯಾವುದಕ್ಕೆ? ಯೋಚನೆ ಮಾಡಿ. ಹೊಲ ಅಡವಿಟ್ಟು, ಕೈಗಡವಾಗಿ ಇಪ್ಪತ್ತು ಲಕ್ಷ ಎತ್ತಿದರೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ತಿಂಗಳಿಗೆ ನಲವತ್ತು ಸಾವಿರ ಬಡ್ಡಿಯೇ ಆಯಿತು. ಕಾನೂನಿನ ಪ್ರಕಾರ ಏಜೆಂಟನಿಗೆ ಸಲ್ಲಬೇಕಾದ ಇಡೀ ಶುಲ್ಕಕ್ಕಿಂತ ಒಂದು ತಿಂಗಳ ಬಡ್ಡಿ ಜಾಸ್ತಿ!

ಇಂಥದ್ದು ನಡೆದಿದೆ. 2015ರಲ್ಲಿ ಕೊಚ್ಚಿಯ ಏಜೆನ್ಸಿಯೊಂದು ಕುವೈತಿಗೆ ಹೊರಟ ನರ್ಸ್‌ಗಳಿಂದ 19,500 ರೂಪಾಯಿ ಪಡೆಯಬೇಕಾದ ಕಡೆ ಹತ್ತೊಂಬತ್ತೂವರೆ ಲಕ್ಷ ವಸೂಲಿ ಮಾಡಿದ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ ಮಾಡಿ, ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು.

ಬ್ರಿಟನ್ ಹೆಸರಲ್ಲಿ ನಡೆಯುವ ಇನ್ನೊಂದು ಮೋಸ ‘ಕೇರರ್’ ಕೆಲಸದ್ದು. ‘ನರ್ಸ್ ಕೆಲಸ ಕೊಡಿಸ್ತೀವಿ, ಪರೀಕ್ಷೆ ಏನೂ ಬೇಡ’ ಎಂದು ಹೇಳಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೇರರ್ ವೀಸಾ ಕೊಡಿಸುತ್ತಿದ್ದರು. ಹೋದ ಮೇಲೆ ಆ ಕಂಪನಿಯೇ ಇಲ್ಲ, ಇದ್ದರೂ ಕೆಲಸವಿಲ್ಲ. 2025ರ ಜುಲೈ 22ರಿಂದ ಬ್ರಿಟನ್ ಹೊರದೇಶಗಳಿಂದ ಹೊಸದಾಗಿ ಕೇರರ್‌ಗಳನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿದೆ. ಈಗಲೂ ಯಾರಾದರೂ ಆ ವೀಸಾ ಕೊಡಿಸುತ್ತೇನೆ ಎಂದರೆ ಅದು ಮೋಸವೇ ಸರಿ, ಅನುಮಾನ ಬೇಡ.

ಏಜೆಂಟ್ ಸಾಚಾನೋ ಅಲ್ಲವೋ ನೋಡುವುದು ಹೇಗೆ? ‘ಇ-ಮೈಗ್ರೇಟ್’ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಬೆಂಗಳೂರಿನಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಇದೆ. ರಾಜ್ಯ ಸರ್ಕಾರದ ಕೌಶಲ್ಯ ಅಭಿವೃದ್ಧಿ ನಿಗಮದವರು ಅಂತರರಾಷ್ಟ್ರೀಯ ವಲಸೆ ಕೇಂದ್ರ ನಡೆಸುತ್ತಾರೆ. ಮೊದಲು ಇಲ್ಲಿ ವಿಚಾರಿಸಿ, ಆಮೇಲೆ ಬಸ್ ಸ್ಟ್ಯಾಂಡಿನ ಗೋಡೆ ಮೇಲಿನ ಪೋಸ್ಟರ್ ನೋಡಿ.

ಹೆಸರಿನ ಗೊಂದಲ

ನಮ್ಮ ಕಡೆ ಒಂದು ವಿಶೇಷ ತೊಂದರೆ ಇದೆ. ಹೆಸರು! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ನರ್ಸಿಂಗ್ ಪ್ರಮಾಣಪತ್ರದಲ್ಲಿ ಮನೆತನದ ಅಡ್ಡಹೆಸರು, ಮದುವೆಯ ನಂತರ ಗಂಡನ ಅಡ್ಡಹೆಸರು. ನಮಗೆ ಎಲ್ಲವೂ ಒಬ್ಬಳೇ. ಲಂಡನ್ನಿನಲ್ಲೋ ಮೆಲ್ಬರ್ನ್‌ನಲ್ಲೋ ಕೂತ ಗುಮಾಸ್ತನಿಗೆ ನಾಲ್ಕು ಬೇರೆ ಬೇರೆ ಹೆಂಗಸರು! ಪಾಸ್‌ಪೋರ್ಟ್ ಮಾಡಿಸುವ ಮುಂಚೆಯೇ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಸ್ಪೆಲ್ಲಿಂಗ್ ಸಮೇತ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಆಗಲೇ ತಿದ್ದಿಸಿ. ನಮ್ಮ ಕಡೆಯವರಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ.

ಇನ್ನೊಂದು. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ಆಸ್ಪತ್ರೆಯವರಾಗಲಿ, ಏಜೆಂಟನಾಗಲಿ, ‘ನಮ್ಮ ಹತ್ರ ಸೇಫ್ ಆಗಿರ್ತದೆ’ ಅಂದರೂ ಕೊಡಬೇಡಿ. ಕೆಲಸ ಮಾಡಿದ ಪ್ರತಿ ಆಸ್ಪತ್ರೆಯಿಂದ ಅನುಭವ ಪತ್ರವನ್ನು ಬಿಡುವ ದಿನವೇ ಪಡೆಯಬೇಕು. ಐದು ವರ್ಷ ಬಿಟ್ಟು ಹೋದರೆ ಸಹಿ ಹಾಕುವವರೇ ಅಲ್ಲಿರುವುದಿಲ್ಲ.

ನೀವೇ ನರ್ಸ್ ಆಗಿದ್ದರೆ?

ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ ನರ್ಸಿಂಗ್ ಓದಿ, ಮದುವೆಯಾಗಿ, ಮಕ್ಕಳಾಗಿ, ಕೆಲಸ ಬಿಟ್ಟು ಮನೆಯಲ್ಲಿರುವವರು ಇದ್ದೀರಿ. ಬೀರುವಿನಲ್ಲಿ ಸೀರೆ ಕೆಳಗೆ ಪ್ರಮಾಣಪತ್ರ ಮಡಚಿಟ್ಟಿದ್ದೀರಿ. ಈ ಲೇಖನ ನಿಮಗೂ ಸಂಬಂಧಪಟ್ಟದ್ದೇ.

ಆಸ್ಟ್ರೇಲಿಯಾದ ನಿಯಮದಂತೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 450 ಗಂಟೆ ನರ್ಸ್ ಆಗಿ ಕೆಲಸ ಮಾಡಿರಬೇಕು. ದಿನಕ್ಕೆ ಎಂಟು ಗಂಟೆ ಎಂದರೆ 57 ದಿನ. ಎರಡು ತಿಂಗಳ ದುಡಿಮೆ! ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಹಗಲು ಪಾಳಿಗೆ ಸೇರಿದರೂ ನಿಮ್ಮ ಓದು ಜೀವ ಹಿಡಿದಿರುತ್ತದೆ. ಫಾರಿನ್ ಆಮೇಲಿನ ಮಾತು. ರಾಜ್ಯ ಪರಿಷತ್ತಿನ ನೋಂದಣಿ ಊರ್ಜಿತದಲ್ಲಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ನಾಳೆ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಿಮ್ಮ ಕೈ ಹಿಡಿಯುವುದು ಬಂಗಾರಕ್ಕಿಂತ ಮೊದಲು ಆ ಕಾಗದವೇ.

ಮದುವೆ, ಮಕ್ಕಳು

‘ಮೊದಲು ಮದುವೆ ಮಾಡಿ ಕಳಿಸೋಣ’ ಎನ್ನುವುದು ಹಿರಿಯರ ಮಾತು. ‘ಮೊದಲು ಹೋಗಿ ಬರ್ತೀನಿ’ ಎನ್ನುವುದು ಮಗಳ ಮಾತು. ಯಾರದು ಸರಿ? ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಆದರೆ ಎರಡು ಸಂಗತಿ ಗಮನದಲ್ಲಿರಲಿ.

ಒಂದು, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಎರಡು ವರ್ಷಕ್ಕೆ ಹಳತಾಗುತ್ತದೆ. ವರ ಹುಡುಕುತ್ತಾ ಕೂತರೆ ಮತ್ತೆ ಮೊದಲಿನಿಂದ ಶುರು.

ಎರಡು, ನರ್ಸ್ ವೀಸಾದಲ್ಲಿ ಹೋದವರು ಗಂಡ ಮತ್ತು ಮಕ್ಕಳನ್ನು ಕರೆಸಿಕೊಳ್ಳಬಹುದು. ಬ್ರಿಟನ್‌ನಲ್ಲಿ ಕೇರರ್‌ಗಳಿಗೆ ಈ ಅವಕಾಶವನ್ನು 2024ರ ಮಾರ್ಚ್‌ನಲ್ಲೇ ತೆಗೆದುಹಾಕಿದರು. ನರ್ಸ್‌ಗಳಿಗೆ ಉಳಿಸಿದ್ದಾರೆ. ಗಂಡನೂ ಅಲ್ಲಿ ಕೆಲಸ ಮಾಡಬಹುದು. ಆದರೆ ಹೆಂಡತಿಯ ವೀಸಾದ ಮೇಲೆ ಹೋಗಿ, ತನ್ನ ಡಿಗ್ರಿಗೆ ಅಲ್ಲಿ ಬೆಲೆ ಇಲ್ಲದೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಮನಸ್ಸು ಎಷ್ಟು ಗಂಡಸರಿಗಿದೆ? ಹೆಂಡತಿ ರಾತ್ರಿ ಪಾಳಿಗೆ ಹೋದಾಗ ಮಗುವಿಗೆ ಉಣ್ಣಿಸಿ ಮಲಗಿಸುವ ಅಭ್ಯಾಸ ಎಷ್ಟು ಜನಕ್ಕಿದೆ? ಸಂಬಂಧ ನೋಡುವಾಗ ಸಂಬಳ, ಹೊಲ, ಮನೆ ಕೇಳಿದ ಹಾಗೆ ಈ ಪ್ರಶ್ನೆಯನ್ನೂ ಬಾಯಿಬಿಟ್ಟು ಕೇಳಿ. ನಂತರ ಅಳುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಭಯ ಇದ್ದೇ ಇರುತ್ತದೆ

ನಮ್ಮ ಜಿಲ್ಲೆಯ ತಾಯಂದಿರ ಭಯಕ್ಕೆ ಕಾರಣವೂ ಇದೆ. 2022ರ ಮಾರ್ಚ್ 1ರಂದು ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಯುಕ್ರೇನ್‌ನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದಾಗ ಇಡೀ ಜಿಲ್ಲೆಯೇ ಅತ್ತಿತ್ತು. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದಿದ್ದ 46 ಭಾರತೀಯ ನರ್ಸ್‌ಗಳು ಮರಳಿ ಬರುವವರೆಗೆ ದೇಶವೇ ಉಸಿರು ಬಿಗಿಹಿಡಿದಿತ್ತು. ಮಕ್ಕಳನ್ನು ದೂರ ಕಳಿಸುವ ತಾಯಿಯ ಹೊಟ್ಟೆಯಲ್ಲಿ ಇವೆಲ್ಲ ಇರುತ್ತವೆ. ಅದನ್ನು ‘ಹಳ್ಳಿ ಭಯ’ ಎಂದು ಯಾರೂ ನಗಬೇಕಿಲ್ಲ.

ಆದರೆ ಭಯವೊಂದನ್ನೇ ಮುಂದಿಟ್ಟು ತಡೆಯುವುದೂ ಸರಿಯಲ್ಲ. ಹೋಗುವ ದೇಶ ಯಾವುದು, ಆಸ್ಪತ್ರೆ ಯಾವುದು, ಇಳಿದ ದಿನ ಎಲ್ಲಿ ಮಲಗುತ್ತಾಳೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಏನು? ಇಷ್ಟು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಭಯ ಅರ್ಧ ಇಳಿಯುತ್ತದೆ.

ಹೋದ ಮೇಲೆ

ಫೋನ್ ಮಾಡುವ ಹೊತ್ತು ಗೊತ್ತಿರಲಿ. ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ ಐದೂವರೆ. ಪರ್ತ್ ಎರಡೂವರೆ ಗಂಟೆ ಮುಂದೆ. ಬ್ರಿಟನ್ ಉಲ್ಟಾ, ನಮಗಿಂತ ಹಿಂದೆ. ನಮ್ಮ ಸಂಜೆ ಆರು ಸಿಡ್ನಿಯಲ್ಲಿ ಮಲಗುವ ಹೊತ್ತು, ಬ್ರಿಟನ್‌ನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಸುಡು ಬೇಸಿಗೆ. ಸ್ವೆಟರ್ ಹೆಣೆದು ಕಳಿಸುವ ಮುಂಚೆ ಕ್ಯಾಲೆಂಡರ್ ನೋಡಿ!

ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ಮಗಳಿಗೆ ಊಟ ಸೇರುವುದಿಲ್ಲ, ನಿಜ. ಆದರೆ ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ತಿಂಡಿ, ಕಾಳು, ಪುಡಿ, ಉಪ್ಪಿನಕಾಯಿ ಎಲ್ಲವನ್ನೂ ಫಾರ್ಮಿನಲ್ಲಿ ಬರೆದು ತೋರಿಸಲೇಬೇಕು. ಬಚ್ಚಿಟ್ಟು ಸಿಕ್ಕಿಬಿದ್ದರೆ ಭಾರಿ ದಂಡ. ಹಾಲಿನ ಸಿಹಿ ತಿಂಡಿಗಳು ತಪಾಸಣೆ ದಾಟುವುದು ಕಷ್ಟ. ಹಾಗಾಗಿ ಧಾರವಾಡ ಪೇಢೆಯನ್ನು ಇಲ್ಲಿಯೇ ಹೊಟ್ಟೆ ತುಂಬ ತಿನ್ನಿಸಿ ಕಳಿಸಿ.

ಮೊದಲ ವರ್ಷ ಒಂಟಿತನ ಕಾಡುತ್ತದೆ. ಡ್ಯೂಟಿ ಮುಗಿಸಿ ಬಂದು ತಾನೇ ಬೀಗ ತೆಗೆದು ಒಳಗೆ ಹೋಗುವ ಮನೆ ನಮ್ಮ ಹುಡುಗಿಯರಿಗೆ ಹೊಸದು. ಫೋನಿನಲ್ಲಿ ‘ಎಷ್ಟು ಉಳಿಸಿದಿ?’ ಅನ್ನುವ ಮೊದಲು ‘ಉಂಡ್ಯಾ? ನಿದ್ದಿ ಆತಾ?’ ಅನ್ನಿ. ಅವಳು ಅತ್ತರೆ ‘ನಾವ್ ಇಷ್ಟು ಖರ್ಚು ಮಾಡೀವಿ’ ಎಂಬ ಮಾತು ಬೇಡವೇ ಬೇಡ. ಆಗದಿದ್ದರೆ ವಾಪಸ್ ಬರಬಹುದು ಎಂಬ ಒಂದು ಬಾಗಿಲು ತೆರೆದಿದೆ ಎಂದು ಗೊತ್ತಾದರೆ, ಬಹಳಷ್ಟು ಹುಡುಗಿಯರು ಆ ಬಾಗಿಲು ಬಳಸದೆಯೇ ನಿಭಾಯಿಸುತ್ತಾರೆ.

ಸಹಿ ಹಾಕುವ ಮುನ್ನ ಕೇಳಿ

* ಆಪ್ರಾ ಅಥವಾ ಎನ್‌ಎಂಸಿಯಿಂದ ಮಗಳ ಹೆಸರಿಗೇ ಪತ್ರ ಬಂದಿದೆಯೇ? ಏಜೆಂಟನ ವಾಟ್ಸ್‌ಆ್ಯಪ್ ಸಂದೇಶ ಪತ್ರವಲ್ಲ.

* ಹುದ್ದೆಯ ಹೆಸರು ‘ರಿಜಿಸ್ಟರ್ಡ್ ನರ್ಸ್’ ಎಂದಿದೆಯೇ, ಬೇರೇನಾದರೂ ಇದೆಯೇ?

* ಏಜೆಂಟನ ನೋಂದಣಿ ಸಂಖ್ಯೆ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ?

* ಕೊಟ್ಟ ಪ್ರತಿ ರೂಪಾಯಿಗೆ ರಸೀದಿ ಇದೆಯೇ? ನಗದು ಬೇಡ, ಬ್ಯಾಂಕ್ ಮೂಲಕವೇ ಕೊಡಿ.

* ಮುಂಚೆ ಕೆಲಸ ಬಿಟ್ಟರೆ ಎಷ್ಟು ಹಣ ಹಿಂದಿರುಗಿಸಬೇಕು?

* ಮೊದಲ ತಿಂಗಳ ವಸತಿ ಯಾರದು?

* ಆಸ್ಕಿಯಲ್ಲಿ ಒಂದು ಸಲ ಫೇಲಾದರೆ ಮುಂದೇನು, ಆ ಖರ್ಚು ಯಾರದು?

* ಕೊನೆಯದಾಗಿ, ಹೋಗಬೇಕೆಂಬುದು ಮಗಳ ಆಸೆಯೋ, ನೆಂಟರ ಮುಂದೆ ಹೇಳಿಕೊಳ್ಳಬೇಕೆಂಬ ನಮ್ಮ ಆಸೆಯೋ?

ಈ ಕೊನೆಯ ಪ್ರಶ್ನೆಗೆ ಉತ್ತರ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು, ಅವಳು ಹೇಳಿ ಮುಗಿಸುವವರೆಗೆ ಸುಮ್ಮನಿರಬೇಕು. ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಇದ್ದು ಇಲ್ಲಿನ ರೋಗಿಗಳ ಕೈ ಹಿಡಿಯುತ್ತೇನೆ ಎಂದರೂ ಅದು ಸಣ್ಣ ಮಾತಲ್ಲ, ನಮ್ಮ ಆಸ್ಪತ್ರೆಗಳಿಗೂ ಒಳ್ಳೆಯ ನರ್ಸ್‌ಗಳು ಬೇಕು. ಹೋಗುತ್ತೇನೆ ಎಂದರೆ, ಸರಿಯಾದ ಕಾಗದ, ಸರಿಯಾದ ಲೆಕ್ಕ, ಸಾಲವಿಲ್ಲದ ಕೈ, ಇವಿಷ್ಟನ್ನು ಜೊತೆ ಮಾಡಿ ಕಳಿಸಿ. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.